ಕೆಮ್ಮುತಾತನ ಕೆಮ್ಮು ವಾಸಿ ಮಾಡಿದ್ದು

ನನಗೊಂದು ಕೆಟ್ಟ ಅಭ್ಯಾಸವಿದೆ. ಎಲ್ಲೇ ಇರಲಿ, ಯಾರದೇ ಆಗಿರಲಿ, ಒಂದು ಸ್ಪೀಕರ್ ಕೊರ್ರ್ ಎಂದರೆ ಸಾಕು, ನನ್ನ ಬಲಗೈ ನನ್ನನ್ನು ಕೇಳದೆಯೇ ಎದ್ದು ಅದರ ಕಡೆ ಹೊರಡುತ್ತದೆ. ಮೊನ್ನೆ ಕೆಲಮಂಗಲದ ಕಟಿಂಗ್ ಶಾಪಿನಲ್ಲಿ ಒಂದು ಕೆನ್ನೆ ಬೋಳಾಗಿ, ಇನ್ನೊಂದು ಕೆನ್ನೆ ನೊರೆಯಾಗಿ ಕೂತಿದ್ದೆ. ಮೂಲೆಯ ರೇಡಿಯೋ ಕೊರಗುಟ್ಟಿತು. ಕತ್ತಿ ಕಿವಿಯ ಹತ್ತಿರ ಇದೆ ಎಂಬುದನ್ನೂ ಮರೆತು ಎದ್ದುಹೋಗಿ, ಜೇಬಿನಲ್ಲಿದ್ದ ಬಸ್ ಟಿಕೆಟ್ ಮಡಚಿ ರೇಡಿಯೋದ ಅಡಿಗೆ ಸಿಕ್ಕಿಸಿ, ಸದ್ದು ನಿಂತ ಮೇಲೆ ಬಂದು ಕೂತೆ.

“ಕಿವಿ ಕುಯ್ದೋಗ್ಬುಡ್ತಿತ್ತು ಕಣಣ್ಣೋ,” ಎಂದ ಅಂಗಡಿಯವನು. “ಅದು ಕೊರಗುಟ್ಟಿದ್ರೆ ನಿಂಗೇನಾಯ್ತದೆ?”

ಏನಾಗುತ್ತದೆ ಎಂದು ಅವನಿಗೆ ಹೇಗೆ ಹೇಳಲಿ? ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತದೆ. ಈ ಕೈಯನ್ನು ತಡೆದುಕೊಳ್ಳಲಾರದೆ ನಾನು ನನ್ನ ಒಬ್ಬಳೇ ತಂಗಿಯ ಮೊದಲ ಆಲ್ಬಮ್ಮನ್ನು ಮುಳುಗಿಸಿಬಿಡುತ್ತಿದ್ದೆ. ಅವಳೇನೋ ಕ್ಷಮಿಸಿದ್ದೇನೆ ಎನ್ನುತ್ತಾಳೆ. ಆದರೆ ನನ್ನ ಎದೆಯಲ್ಲಿ ಇನ್ನೂ ಒಂದು ಸಣ್ಣ ಕೊರ್ರ್ ಇದೆ. ಅದರ ಅಡಿಗೆ ಬಸ್ ಟಿಕೆಟ್ ಸಿಕ್ಕಿಸಲು ಬರುವುದಿಲ್ಲ. ಅದಕ್ಕೇ ನಿಮ್ಮ ಹತ್ತಿರ ಹೇಳಿಬಿಡೋಣ ಎಂದು ಕೂತಿದ್ದೇನೆ.

ಬರವಣಿಗೆ ಓರೆಕೋರೆ ಇದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ಅದೂ ತಮಿಳು ಸ್ಕೂಲು. ನಮ್ಮ ಕೆಲಮಂಗಲ ಇರುವುದು ಗಡಿಯಾಚೆ, ತಮಿಳುನಾಡಿನಲ್ಲಿ. ಕನ್ನಡ ಅಕ್ಷರ ಕಲಿತದ್ದು ಲಗ್ನಪತ್ರಿಕೆ ಓದಿ ಓದಿ. ನಮ್ಮದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಕೆಲಸ. ಮದುವೆಮನೆಯಲ್ಲಿ ಹೆಣ್ಣುಗಂಡಿನ ಹೆಸರನ್ನು ಮೈಕಿನಲ್ಲಿ ತಪ್ಪಾಗಿ ಕೂಗಿದರೆ ಪಂಕ್ತಿಯಲ್ಲಿ ಪಾಯಸ ನಮ್ಮ ಎಲೆ ದಾಟಿ ಮುಂದೆ ಹೋಗುತ್ತದೆ. ಹಾಗಾಗಿ ‘ಚಿರಂಜೀವಿ’, ‘ಸೌಭಾಗ್ಯವತಿ’ ಎಲ್ಲ ನನಗೆ ಬಲು ಚೆನ್ನಾಗಿ ಬರುತ್ತವೆ. ಉಳಿದದ್ದು ಅಷ್ಟಕ್ಕಷ್ಟೇ.

ಸೆಟ್ಟು ಅಪ್ಪ ಬಿಟ್ಟುಹೋದದ್ದು. ಆಂಪ್ಲಿಫೈಯರು, ಮರಕ್ಕೆ ಕಟ್ಟುವ ಹಾರನ್ನುಗಳು, ಸೀರಿಯಲ್ ಲೈಟು, ಮತ್ತೆ ಆಳೆತ್ತರದ ಒಂದು ಸ್ಪೀಕರ್ ಪೆಟ್ಟಿಗೆ. ಮನೆಯ ಹಿಂದಿನ ಗೋಡೌನಿನಲ್ಲಿ ಇವೆಲ್ಲ ರಾಗಿ ಮೂಟೆಗಳ ಜೊತೆ ಸಂಸಾರ ಮಾಡುತ್ತವೆ. ರಾಗಿ ಇದ್ದ ಕಡೆ ಇಲಿ ಇರಲೇಬೇಕು. ಒಂದು ಸಲ ಯಾವುದೋ ಇಲಿ ದಿನಾ ರಾಗಿಯೇ ಎಂದು ಬೇಜಾರಾಗಿ ಆ ದೊಡ್ಡ ಪೆಟ್ಟಿಗೆಯ ಸ್ಪೀಕರಿನ ಕೋನನ್ನು ರುಚಿ ನೋಡಿತು. ಕೋನ್ ಎಂದರೆ ಸ್ಪೀಕರಿನೊಳಗೆ ಆಲಿಕೆಯ ಹಾಗೆ ಕಾಣುವ ಕಪ್ಪು ಕಾಗದ. ಅದು ಅದುರಿದರೇ ಸದ್ದು. ಆ ಕಾಗದಕ್ಕೆ ಅಂಚಿನಿಂದ ನಡುವಿನವರೆಗೆ ಒಂದು ಸೀಳು ಬಿತ್ತು. ಆಮೇಲೆ ಆ ಪೆಟ್ಟಿಗೆಯಲ್ಲಿ ಏನು ಹಾಕಿದರೂ ಬೀಡಿ ಸೇದಿ ಸೇದಿ ಎದೆ ಕಟ್ಟಿದ ಮುದುಕನೊಬ್ಬ ಹಾಡಿನ ಹಿಂದೆ ಕೂತು ಕೆಮ್ಮಿದ ಹಾಗೆ ಕೇಳುತ್ತಿತ್ತು. ಮನೆಯಲ್ಲಿ ಅದಕ್ಕೆ ಕೆಮ್ಮುತಾತ ಎಂದೇ ಹೆಸರಾಯಿತು.

ತಂಗಿ ರೂಪ ಆಗ ಚಿಕ್ಕವಳು. ನಾವೆಲ್ಲ ತಾತನನ್ನು ಬೈಯುತ್ತಿದ್ದರೆ ಅವಳು ಮಾತ್ರ ಅದಕ್ಕೆ ಬೆನ್ನು ಒರಗಿಸಿಕೊಂಡು ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಒಂದು ದಿನ ನೇಲ್ ಪಾಲಿಶ್ ತಂದು ಕೋನಿನ ಮೇಲೆ ದೊಡ್ಡದೊಂದು ಕೆಂಪು ಬೊಟ್ಟು ಇಟ್ಟಳು. ಯಾಕೆ ಎಂದರೆ, “ತಾತಂಗೆ ದೃಷ್ಟಿ ಆಯ್ತದೆ. ಕರ್ರಗಿರೋರ್ಗೆ ಕಪ್ಪು ಬೊಟ್ಟು ಕಾಣ್ಸಲ್ಲ,” ಎಂದಳು.

ದೃಷ್ಟಿ ತಾಗುವಂಥ ಗಂಟಲೇ ಅದು? ಉದ್ದನಪಲ್ಲಿಯಲ್ಲಿ ಒಂದು ಮಗುವಿಗೆ ಕಿವಿ ಚುಚ್ಚುವ ಕಾರ್ಯಕ್ಕೆ ಸೆಟ್ ಕಟ್ಟಿದ್ದೆ. ಸೋದರಮಾವ ಮೈಕ್ ಹಿಡಿದು “ನೂರು ಕಾಲ ಬಾಳಪ್ಪ” ಎಂದು ಹರಸಿದ. ತಾತನ ಬಾಯಿಂದ ಅದು ಶಾಪ ಹಾಕಿದಂತೆ ಹೊರಬಂದು, ಮಗು ಕಿವಿ ಚುಚ್ಚುವ ಮೊದಲೇ ಅಳಲು ಶುರುಮಾಡಿತು. ನಮ್ಮ ಕಡೆ ಜನ ಮೂರು ಭಾಷೆ ಆಡುತ್ತಾರೆ. ಆದ್ದರಿಂದ ಅವಮಾನವೂ ಮೂರು ಭಾಷೆಯಲ್ಲಿ ಆಗುತ್ತದೆ. “ಏನ್ಲಾ, ಸೆಟ್ ಕೆಟ್ಟೋಯ್ತಾ?” ಎಂದು ಕನ್ನಡದವರು. “ಎನ್ನಪ್ಪಾ, ಸೆಟ್ಟು ಪೋಚ್ಚಾ?” ಎಂದು ತಮಿಳಿನವರು. “ಏಮಪ್ಪಾ, ಸೆಟ್ಟು ಚೆಡಿಪೋಯಿಂದಾ?” ಎಂದು ತೆಲುಗಿನವರು. ಕೇಳುವ ಪ್ರಶ್ನೆ ಒಂದೇ, ತಗ್ಗುವ ತಲೆಯೂ ಒಂದೇ. ಅಂದಿನಿಂದ ತಾತನನ್ನು ಊರಾಚೆ ಕರೆದೊಯ್ಯುವುದನ್ನೇ ಬಿಟ್ಟೆ.

ನಾಯಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಆಮೇಲೆ ಗಡಿಬಿಡಿಯಲ್ಲಿ ಬಿಟ್ಟುಹೋಗುತ್ತದೆ. ನಮ್ಮ ನಾಯಿಯ ಹೆಸರು ಹಲೋ. ಮರಿಯಾಗಿದ್ದಾಗ ನಾನು ಮೈಕ್ ಟೆಸ್ಟ್ ಮಾಡಲು “ಹಲೋ, ಹಲೋ” ಎಂದಾಗಲೆಲ್ಲ ಬಾಲ ಅಲ್ಲಾಡಿಸುತ್ತ ಓಡಿಬರುತ್ತಿತ್ತು. ಹಾರನ್ನುಗಳ ಕೆಳಗೇ ಬೆಳೆದದ್ದರಿಂದ ಈಗ ಪಾಪ, ಅದಕ್ಕೆ ಕಿವಿ ಕೇಳಿಸುವುದಿಲ್ಲ. ಎಷ್ಟು ಹಲೋ ಎಂದರೂ ಹಲೋ ತಿರುಗಿ ನೋಡುವುದಿಲ್ಲ. ಆದರೆ ತಾತನ ಮುಂದೆ ಕೂತು, ಆ ಅದುರನ್ನು ಹೊಟ್ಟೆಗೆ ತಗುಲಿಸಿಕೊಂಡು ಕಣ್ಣು ಮುಚ್ಚುವುದು ಅದಕ್ಕೆ ಇಂದಿಗೂ ಸ್ವರ್ಗ. ಒಟ್ಟಿನಲ್ಲಿ ತಾತನಿಗೆ ಈ ಭೂಮಿಯ ಮೇಲೆ ಇಬ್ಬರು ಅಭಿಮಾನಿಗಳು. ನಮ್ಮ ರೂಪ, ಮತ್ತೊಂದು ಕಿವುಡು ನಾಯಿ.

ರೂಪ ದೊಡ್ಡವಳಾಗಿ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಪ್ರೆಸ್ ಸೆಕ್ಷನ್ನಿಗೆ ಸೇರಿದಳು. ಅಲ್ಲಿ ತಗಡಿನ ಮೇಲೆ ಮಿಷಿನ್ನು ಧಡ್ ಧಡ್ ಎಂದು ಬೀಳುತ್ತಲೇ ಇರುತ್ತದಂತೆ. ಬೇರೆಯವರು ಅಲ್ಲಿಂದ ತಲೆನೋವು ತಂದರೆ ಇವಳು ತಾಳ ತಂದಳು. ಅದೇ ಸೆಕ್ಷನ್ನಿನ ಸೆಲ್ವಂ ಗಿಟಾರು, ಬಾಗಲೂರಿನ ಇಮ್ರಾನ್ ಡ್ರಮ್ಸು, ಮುಂದೆ ನಿಂತು ಹಾಡುವವಳು ರೂಪ. ಮೂವರೂ ಸೇರಿ ‘ಕುಲುಮೆ’ ಎಂದು ಬ್ಯಾಂಡ್ ಕಟ್ಟಿದರು. ಹೆವಿ ಮೆಟಲ್ ಎಂದಳು.

“ಮೆಟಲ್ ಅಂದ್ರೆ ಕಬ್ಬಿಣ ಅಲ್ವಾ?” ಎಂದಳು ಅಮ್ಮ. “ಹಂಗಾರೆ ಮೊದ್ಲು ನಮ್ ಗೇಟಿನ ಕೀಲು ಸರಿ ಮಾಡ್ಸೆ.”

ಒಂದು ಭಾನುವಾರ ಗೋಡೌನಿನಲ್ಲಿ ರೂಪ ಅವರಿಬ್ಬರ ಜೊತೆ ಮೊದಲ ಸಲ ಪ್ರಾಕ್ಟೀಸ್ ಮಾಡಿದಳು. ಹುಡುಗಿಯ ದನಿಯಲ್ಲಿ ಶುರುವಾದ ಹಾಡು ನಡುವೆ ಇದ್ದಕ್ಕಿದ್ದ ಹಾಗೆ ಹೊಟ್ಟೆಯೊಳಗಿಂದ ಹುಲಿಯ ಗರ್ಜನೆಯಾಗಿ ಎದ್ದುಬಂತು. ಅಮ್ಮ ಅಡುಗೆಮನೆಯಿಂದ ಹೊರಗೆ ಓಡಿದವಳು ಬೇವಿನ ಕೊಂಬೆ ಮುರಿದುಕೊಂಡೇ ಒಳಗೆ ಬಂದಳು. ಮಗಳ ಮೈಮೇಲೆ ದೇವರು ಬಂದಿದೆ ಎಂದೇ ಅವಳ ಲೆಕ್ಕ. ಕೊಂಬೆಯನ್ನು ರೂಪಳ ತಲೆಯ ಸುತ್ತ ಆಡಿಸುತ್ತ, “ಯಾರವ್ವಾ ನೀನು? ಯಾವೂರಿಂದ ಬಂದೆ? ಏನ್ ಬೇಕು ಕೇಳವ್ವಾ,” ಎಂದಳು.

“ಕಾಫಿ,” ಎಂದಳು ರೂಪ ಅದೇ ದನಿಯಲ್ಲಿ.

ಅಮ್ಮ ಭಕ್ತಿಯಿಂದ ಮೂವರಿಗೂ ಕಾಫಿ ತಂದಿಟ್ಟಳು. ಸೆಲ್ವಂ ಲೋಟ ಹಿಡಿದುಕೊಂಡು, “ಆಂಟಿ, ಸಾಮಿಗೆ ಬಿಸ್ಕೆಟ್ಟೂ ವೇಣುಮಾಂ,” ಎಂದು ಸೇರಿಸಿದ. ದೇವರಿಗೆ ಬಿಸ್ಕೆಟ್ಟೂ ಬೇಕು ಎಂದು ಅವನು ಕೇಳಿದ ಮೇಲಷ್ಟೇ ಅಮ್ಮನಿಗೆ ಅನುಮಾನ ಬಂದದ್ದು. ಬೇವಿನ ಕೊಂಬೆಗೆ ಆಮೇಲೆ ಬೇರೆ ಕೆಲಸ ಸಿಕ್ಕಿತು.

ಹಾಡುಗಳನ್ನು ರೂಪಳೇ ಬರೆದಿದ್ದಳು. ಟೊಮೇಟೊ ರಸ್ತೆಗೆ ಸುರಿಯುವುದರ ಮೇಲೆ ಒಂದು, ರೇಷನ್ ಅಂಗಡಿ ಸಾಲಿನ ಮೇಲೆ ಒಂದು, ಕೈ ಅಡ್ಡ ಹಿಡಿದರೂ ನಿಲ್ಲಿಸದೆ ಹೋಗುವ ಬಸ್ಸಿನ ಮೇಲೆ ಒಂದು. ಆ ಬಸ್ಸಿನ ಹಾಡಿನಲ್ಲಿ “ನಿಲ್ಸೋ!” ಎಂದು ಅವಳು ಕಿರುಚುವುದನ್ನು ಕೇಳಿದರೆ ಬಸ್ಸಲ್ಲ, ಗೂಡ್ಸ್ ರೈಲೂ ನಿಲ್ಲಬೇಕು. ಆಲ್ಬಮ್ಮಿಗೂ ‘ನಿಲ್ಸೋ’ ಎಂದೇ ಹೆಸರು.

ಸ್ಟುಡಿಯೋಗೆ ಹೋಗುವುದಿಲ್ಲ, ಗೋಡೌನಿನಲ್ಲೇ ರೆಕಾರ್ಡ್ ಮಾಡುತ್ತೇವೆ ಎಂದು ಒಂದು ದಿನ ಹೇಳಿದಳು. “ಅಣ್ಣಾ, ಗಿಟಾರ್‌ನ ನಮ್ ತಾತನ ಮೂಲಕಾನೇ ಬಿಡ್ತೀವಿ. ಭಾನ್ವಾರದ ತಂಕ ತಾತನ್ನ ಹುಷಾರಾಗಿ ನೋಡ್ಕೋ.”

ಇಲ್ಲಿ ನೋಡಿ, ನನ್ನ ತಲೆ ಹೇಗೆ ಓಡಿತು ಎಂದು. ಅಯ್ಯೋ, ಒಳ್ಳೆಯ ಸ್ಪೀಕರ್ ಕೊಡಿಸಲಾರದ ಅಣ್ಣನಿಗೆ ನೋವಾಗಬಾರದು ಎಂದು ಇವಳು ಹರಿದ ಪೆಟ್ಟಿಗೆಯಲ್ಲೇ ಸಾಕು ಎನ್ನುತ್ತಿದ್ದಾಳಲ್ಲ ಎಂದುಕೊಂಡೆ. ಕಣ್ಣು ಒದ್ದೆಯಾಯಿತು. ‘ಹುಷಾರಾಗಿ ನೋಡ್ಕೋ’ ಎಂಬ ಮಾತು, ಹುಷಾರಿಲ್ಲದವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದ ಹಾಗೆ ನನ್ನ ಕಿವಿಗೆ ಬಿತ್ತು. ಯಾರಿಗೂ ಹೇಳದೆ ಸ್ಪೀಕರ್ ಬಿಚ್ಚಿ, ಹಸುಗೂಸಿನ ಹಾಗೆ ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಕೃಷ್ಣಗಿರಿಗೆ ಹೋದೆ. ಪಕ್ಕದ ಅಜ್ಜಿ ಟವೆಲ್ ಸರಿಸಿ ಇಣುಕಿ, ಕರ್ರಗಿನ ಮುಖ, ಕೆಂಪು ಬೊಟ್ಟು ನೋಡಿ, ಕೈಮುಗಿದು ಬೇರೆ ಸೀಟಿಗೆ ಹೋದಳು.

ಕೃಷ್ಣಗಿರಿಯ ರಿಪೇರಿಯವನು ಹೊಸ ಕೋನ್ ಹಾಕಿಕೊಟ್ಟ. ಮೈಕ್ ಸೆಟ್ಟಿನವರಲ್ಲಿ ಒಂದು ರೂಢಿ ಇದೆ. ಏನೇ ರಿಪೇರಿ ಆಗಲಿ, ತೆಗೆದ ಹಳೇ ಸಾಮಾನನ್ನು ಕೇಳಿ ವಾಪಸು ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಹೊಸದು ಹಾಕಿದ್ದಾನೆ ಎಂಬುದಕ್ಕೆ ಗುರುತೇನು? ಅಪ್ಪ ಕಲಿಸಿದ್ದು. ಹಾಗಾಗಿ ಸೀಳಿದ ಕೋನೂ ನನ್ನ ಜೊತೆ ಮನೆಗೆ ಬಂತು.

ಮನೆಗೆ ಬಂದರೆ ಹಲೋ ಬೇಲಿಯ ತಂತಿಗೆ ಸಿಕ್ಕಿ ಹಿಂಗಾಲು ತರಚಿಕೊಂಡು ಕೂತಿತ್ತು. ಔಷಧಿ ಹಚ್ಚಿದಷ್ಟೂ ನೆಕ್ಕುತ್ತಿತ್ತು. ದನದ ಆಸ್ಪತ್ರೆಯಲ್ಲಿ ನಾಯಿಗಳ ಕುತ್ತಿಗೆಗೆ ಆಲಿಕೆಯಂಥದ್ದೊಂದು ಕಟ್ಟಿ ಕಳಿಸುವುದನ್ನು ನೋಡಿದ್ದೆ. ಕೈಯಲ್ಲೇ ಇತ್ತಲ್ಲ ಕೋನು! ಇಲಿ ಮಾಡಿದ ಸೀಳು ಎಷ್ಟು ಅನುಕೂಲವಾಯಿತು ಎನ್ನುತ್ತೀರಿ, ಅಲ್ಲಿಂದಲೇ ಬಿಡಿಸಿ ಕುತ್ತಿಗೆಗೆ ಸುತ್ತಿ, ಗೋಣಿದಾರದಲ್ಲಿ ಒಂದು ಕಡೆ ಸಡಿಲವಾಗಿ ಹೊಲಿದೆ. ಹಲೋ ಕಪ್ಪು ಸೂರ್ಯಕಾಂತಿ ಹೂವಿನ ಹಾಗೆ ಅಂಗಳದಲ್ಲಿ ಓಡಾಡತೊಡಗಿತು. ಒಂದೇ ದಿನ ಎರಡು ರೋಗ ವಾಸಿ ಮಾಡಿದೆ ಎಂದು ಒಳಗೊಳಗೇ ಬೀಗಿದೆ. ಭಾನುವಾರ ಅದು ಎಲ್ಲರ ಕಾಲಿಗೆ ಸಿಗುತ್ತದೆಂದು ತೋಟದ ಮೋಟಾರ್ ಶೆಡ್ಡಿನಲ್ಲಿ ಕಟ್ಟಿಬಂದೆ.

ರೆಕಾರ್ಡಿಂಗ್ ದಿನ ನಾನು ಇಸ್ತ್ರಿ ಷರ್ಟು ಹಾಕಿಕೊಂಡಿದ್ದೆ. ತಾತನ ದನಿ ಕೇಳಿ ತಂಗಿ ತಿರುಗಿ ನೋಡುತ್ತಾಳೆ, “ಅಣ್ಣಾ!” ಎನ್ನುತ್ತಾಳೆ, ನಾನು “ಏ ಬಿಡಮ್ಮಿ, ಇದ್ಯಾವ ಮಹಾ” ಎನ್ನಬೇಕು ಎಂದು ಕನ್ನಡಿಯ ಮುಂದೆ ಹೇಳಿಕೊಂಡೂ ಇದ್ದೆ. ಇಮ್ರಾನ್ ತಂದಿದ್ದ ಡ್ರಮ್ ಸೆಟ್ ಬಾಡಿಗೆಯದು, ಸಂಜೆಗೆ ವಾಪಸು ಹೋಗಬೇಕು. ಸೆಲ್ವಂ ಗಿಟಾರಿನ ಮೇಲೆ ಕೈ ಇಟ್ಟ. ತಾತನ ಬಾಯಿಂದ ಜೇನಿನಂಥ, ಗಾಜಿನಂಥ, ತೊಳೆದಿಟ್ಟ ದನಿ ಬಂತು.

ರೂಪ ತಿರುಗಿ ನೋಡಿದಳು. ಆದರೆ ನನ್ನನ್ನಲ್ಲ, ಪೆಟ್ಟಿಗೆಯನ್ನು.

“ಇದ್ಯಾಕೆ ತಾತ ಹಿಂಗವ್ನೆ?”

“ಅಣ್ಣಾ, ನಮ್ ಗಿಟಾರು ವೀಣೆ ಮಾದಿರಿ ಕೇಳ್ತೈತೆ,” ಎಂದು ಸೆಲ್ವಂ ಬೆರಳು ನೋಡಿಕೊಂಡ. “ಆ ಕರಕರ ಎಲ್ಲೋಯ್ತು? ಅದ್ಕೇ ತಾನೇ ಇಲ್ಲಿಗೆ ಬಂದಿದ್ದು?”

ಆಗ ನನಗೆ ಗೊತ್ತಾಯಿತು. ನಾನು ವರ್ಷಗಟ್ಟಲೆ ಯಾವ ಸದ್ದು ಬರಬಾರದು ಎಂದು ಬೆರಳು ಸುಟ್ಟುಕೊಂಡು ಬೆಸುಗೆ ಹಾಕುತ್ತಿದ್ದೆನೋ, ಅದೇ ಸದ್ದು ಇವರಿಗೆ ಬೇಕಾಗಿತ್ತು. ಆ ಕೆಮ್ಮಿಗೆಂದೇ ಹಾಡು ಕಟ್ಟಿದ್ದರು. ತಂಗಿ ಚಿಕ್ಕಂದಿನಲ್ಲಿ ಬೆನ್ನು ಒರಗಿಸಿಕೊಂಡು ಮಲಗುತ್ತಿದ್ದದ್ದು ಆ ಕೆಮ್ಮಿಗೆ. ಅದನ್ನು ನಾನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ವಾಸಿ ಮಾಡಿಸಿಕೊಂಡು ಬಂದಿದ್ದೆ.

ಅಲ್ಲೇ ಹೇಳಿಬಿಡಬೇಕಿತ್ತು. ಹೊಗಳಿಕೆಗೆಂದು ಇಸ್ತ್ರಿ ಷರ್ಟು ಹಾಕಿಕೊಂಡು ನಿಂತವನಿಗೆ ಬೈಗುಳಕ್ಕೆ ತಯಾರಾಗಲು ಟೈಮು ಬೇಕಾಗುತ್ತದೆ ಸ್ವಾಮಿ. “ವೋಲ್ಟೇಜ್ ಕಮ್ಮಿ ಐತೆ,” ಎಂದುಬಿಟ್ಟೆ. ವೋಲ್ಟೇಜ್ ಸರಿಯಾಗಿದೆ ಎಂದು ಇಮ್ರಾನ್ ಮೀಟರ್ ಹಿಡಿದು ತೋರಿಸಿದ. “ಹಂಗಾರೆ ಇಬ್ಬನಿ,” ಎಂದೆ. ಹೊರಗೆ ಬಿಸಿಲು ಕುದಿಯುತ್ತಿತ್ತು. ಕೊನೆಗೆ ಬಾಯಿಗೆ ಬಂದದ್ದು, “ಸೆಲ್ವಂ ವೈರೇ ಸರಿ ಇಲ್ಲ ಅನ್ಸುತ್ತೆ.” ಪಾಪ, ಆ ಹುಡುಗ ವೈರು ಬದಲಾಯಿಸಿದ, ತಂತಿ ಬದಲಾಯಿಸಿದ, ಗಿಟಾರಿನ ಹೊಟ್ಟೆ ಬಿಚ್ಚಿ ಹರವಿಕೊಂಡು ಕೂತ. “ಸಾರಿ ರೂಪಾ, ನನ್ನದೇ ಏನೋ ತಪ್ಪು,” ಎಂದು ಅವನು ಕ್ಷಮೆ ಕೇಳುತ್ತಿದ್ದರೆ ನಾನು ಪಕ್ಕದಲ್ಲಿ ಟಾರ್ಚ್ ಹಿಡಿದುಕೊಂಡು ನಿಂತಿದ್ದೆ.

ಮಧ್ಯಾಹ್ನ ಕಳೆಯಿತು. ರೂಪ ರಾಗಿ ಮೂಟೆಯ ಮೇಲೆ ಕುಸಿದು ಕೂತಳು.

“ಬಿಡ್ರಪ್ಪ. ಯಾವ್ದೂ ಕೆಟ್ಟಿಲ್ಲ. ಪ್ರೆಸ್ಸಿನ ತಾವ ನಿಂತು ನಿಂತು ನನ್ ಕಿವೀನೇ ಹೋಗೈತೆ. ಇಲ್ದಿರೋ ಸದ್ದು ನೆನೆಸ್ಕಂಡು ಕುಂತಿದ್ದೆ ಅನ್ಸುತ್ತೆ. ಡ್ರಮ್ ವಾಪಸ್ ಕೊಟ್ಬುಡನ. ಆಲ್ಬಮ್ಮೂ ಬ್ಯಾಡ, ಏನೂ ಬ್ಯಾಡ.”

ನಾನು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ಹೇಳಿಯೇಬಿಡುವವನಿದ್ದೆ. ಇದನ್ನು ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ, ನೀವಾದರೂ ನಂಬಿ. ಅಷ್ಟರಲ್ಲಿ ಬಾಗಿಲಲ್ಲಿ ಅಮ್ಮನ ದನಿ ಕೇಳಿಸಿತು. “ಯಾವನ್ಲಾ ಈ ಮೂಕಪ್ರಾಣೀನ ಶೆಡ್ನಾಗೆ ಕಟ್ಟಾಕಿದ್ದು? ಬಿಚ್ಕಂಡು ಬಂದಿವ್ನಿ ನೋಡು!”

ಕಪ್ಪು ಸೂರ್ಯಕಾಂತಿ ಕುಂಟುತ್ತ ಒಳಗೆ ಬಂತು. ಸೀದಾ ರೂಪಳ ಹತ್ತಿರ ಹೋಗಿ ತೊಡೆಯ ಮೇಲೆ ತಲೆ ಇಟ್ಟಿತು. ಸವರಲು ಚಾಚಿದ ಅವಳ ಕೈ ಹಾಗೇ ನಿಂತಿತು. ಸೀಳಿನ ಅಂಚಿನಲ್ಲಿ ಇಲಿಯ ಹಲ್ಲಿನ ಗುರುತು. ಅದರ ಪಕ್ಕದಲ್ಲಿ ಕೆಂಪು ಬೊಟ್ಟು.

ರೂಪ ಕಿರುಚುವುದನ್ನು ನಾನು ಸಾಕಷ್ಟು ಕೇಳಿದ್ದೇನೆ. ಅವತ್ತು ಅವಳು ಕಿರುಚಲಿಲ್ಲ. “ಅಣ್ಣಾ, ಒಂದ್ ನಿಮ್ಷ ಇಲ್ಲಿ ಬಾ,” ಎಂದು ಮೆತ್ತಗೆ ಕರೆದಳು.

ಎಲ್ಲ ಹೇಳಿದೆ. ಕೃಷ್ಣಗಿರಿ, ಟವೆಲ್ಲು, ಬಸ್ಸಿನ ಅಜ್ಜಿ, ಒಂದನ್ನೂ ಬಿಡಲಿಲ್ಲ. ಅಜ್ಜಿ ಕೈಮುಗಿದ ಕಡೆ ಇಮ್ರಾನ್ ನಕ್ಕುಬಿಟ್ಟ. ರೂಪ ಮಾತ್ರ ನಗಲಿಲ್ಲ.

“ಕೋನ್ ಹೋದ್ರೆ ಹೋಗ್ಲಿ ಅಣ್ಣಾ. ನೀನು ಒಳ್ಳೇದಕ್ಕೇ ಮಾಡ್ದೆ. ಆದ್ರೆ ನನ್ ಕಿವಿ ಹೋಗೈತೆ ಅಂತ ನಾನಂದಾಗ ಸುಮ್ಕೆ ನಿಂತಿದ್ಯಲ್ಲ, ಟಾರ್ಚ್ ಹಿಡ್ಕಂಡು.”

ಇನ್ನೂ ಕೈಯಲ್ಲೇ ಇದ್ದ ಟಾರ್ಚನ್ನು ಆರಿಸಿ ರಾಗಿ ಮೂಟೆಯ ಮೇಲೆ ಇಟ್ಟೆ.

ಸೆಲ್ವಂ ಒಂದು ಬ್ಲೇಡ್ ತಂದು, “ಹೊಸ ಕೋನ್ನ ಕುಯ್ದುಬುಡಿ ಅಣ್ಣಾ,” ಎಂದ. ತಂಗಿಯ ಮುಖ ನೋಡಿದೆ. “ನೀನೇ ಕುಯ್ಯಿ,” ಎಂದಳು. ಕಣ್ಣು ಮುಚ್ಚಿಕೊಂಡು, ಅಪ್ಪನಿಗೆ ಮನಸ್ಸಿನಲ್ಲೇ ಕೈಮುಗಿದು, ಹೊಚ್ಚಹೊಸ ಕೋನನ್ನು ಅಂಚಿನಿಂದ ನಡುವಿನವರೆಗೆ ಸೀಳಿದೆ. ಸೆಲ್ವಂ ಗಿಟಾರ್ ಬಾರಿಸಿದ. ಯಾರೋ ಹಪ್ಪಳ ಮುರಿದ ಹಾಗೆ ಕೇಳಿಸಿತು. ಇಲಿಯ ಕೆಲಸಕ್ಕೆ ಬ್ಲೇಡು ಸಾಟಿಯಲ್ಲ. ಈಗ ಹಳೆಯದೂ ಇಲ್ಲ, ಹೊಸದೂ ಇಲ್ಲ. ಪ್ಲಾಸ್ಟರ್ ತಂದು ನಾನು ಮಾಡಿದ ಗಾಯಕ್ಕೆ ನಾನೇ ಅಂಟಿಸಿದೆ.

ಎಲ್ಲರೂ ಕೈಚೆಲ್ಲಿ ಕೂತಾಗ ಹಲೋ ಎದ್ದು, ತನ್ನ ಮಾಮೂಲಿ ಜಾಗಕ್ಕೆ ಹೋಗಿ, ತಾತನ ಮುಂದೆ ಹೊಟ್ಟೆ ತಗುಲಿಸಿ ಕೂತಿತು. ಬೇಜಾರಿನಲ್ಲಿ ಸೆಲ್ವಂ ಸುಮ್ಮನೆ ಒಂದು ಸಲ ತಂತಿ ಎಳೆದ.

ಕೊರ್ರ್ರ್.

ನಾಯಿ ಬೊಗಳಿತು ಎಂದುಕೊಂಡೆ. ನಾಯಿ ಕಣ್ಣು ಮುಚ್ಚಿಕೊಂಡಿತ್ತು. ಸೆಲ್ವಂ ಮತ್ತೆ ಎಳೆದ. ಕೊರ್ರ್ರ್! ತಾತನ ಮುಂದೆ ಹಿಡಿದ ಹಾಗೆ ಕೂತಿದ್ದ ಆ ಹಳೇ ಕೋನು, ಗೋಣಿದಾರದ ಸಡಿಲ ಹೊಲಿಗೆಯಲ್ಲಿ, ನಾಯಿಯ ಕುತ್ತಿಗೆಯಲ್ಲೇ ಅದುರುತ್ತಿತ್ತು. ಅದೇ ಬೀಡಿ, ಅದೇ ಎದೆ, ಅದೇ ಮುದುಕ.

“ಅಣ್ಣಾ! ಮೈಕ್! ಮೈಕ್ ನಾಯಿ ತಾವ ಇಡು!” ಎಂದು ರೂಪ ಕಿರುಚಿದಳು. ಅವಳು ನನ್ನ ಮೇಲೆ ಕಿರುಚಿದ್ದು ಕೇಳಿ ನನಗೆ ಹೋದ ಜೀವ ಬಂತು.

ಹಾಗೆ ಆಯಿತು ‘ನಿಲ್ಸೋ’ ಆಲ್ಬಮ್ಮಿನ ರೆಕಾರ್ಡಿಂಗ್. ನನಗೆ ಕೊಟ್ಟ ಕೆಲಸ ನಾಯಿಯ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತು, ಅದು ಏಳದ ಹಾಗೆ ಬನ್ನು ಮುರಿದು ಮುರಿದು ತಿನ್ನಿಸುವುದು. ಟೊಮೇಟೊ ಹಾಡಿನ ನಡುವೆ ಹಲೋ ಒಂದು ಸಲ ಆಕಳಿಸಿದೆ. ಅದನ್ನು ಹಾಗೇ ಬಿಟ್ಟಿದ್ದಾರೆ. ರೇಷನ್ ಸಾಲಿನ ಹಾಡಿನ ಕೊನೆಗೆ ಗಮನವಿಟ್ಟು ಕೇಳಿದರೆ ಯಾರೋ ಮೂಗು ಒರೆಸಿಕೊಳ್ಳುವ ಸದ್ದು ಇದೆ. ಅದು ನಾಯಿಯದಲ್ಲ.

ಹಲೋನ ಕಾಲು ವಾಸಿಯಾಯಿತು. ಇಲಿಯದರ ಜೊತೆ ಈಗ ನಾಯಿಯ ಹಲ್ಲಿನ ಗುರುತೂ ಸೇರಿದ ಆ ಕೋನನ್ನು ಅಪ್ಪನ ಫೋಟೋ ಪಕ್ಕದಲ್ಲಿ ಮೊಳೆ ಹೊಡೆದು ತೂಗುಹಾಕಿದ್ದೇವೆ. ಅಮ್ಮ ಎರಡಕ್ಕೂ ಹೂವು ಮುಡಿಸುತ್ತಾಳೆ.

ಆಲ್ಬಮ್ ಬಂದ ದಿನ ರೂಪ ನನ್ನ ಕೈಗೆ ಒಂದು ಪೆನ್‌ಡ್ರೈವ್ ಕೊಟ್ಟು, “ನಮ್ ಬೀದಿಗೆ ನೀನೇ ಹಾಕು ಅಣ್ಣಾ,” ಎಂದಳು. ಹಾರನ್ನುಗಳನ್ನು ಬೇವಿನ ಮರಕ್ಕೆ ಕಟ್ಟಿದೆ. ನಮ್ಮ ಪದ್ಧತಿಯಂತೆ ಮೊದಲು ಗಣಪತಿಯ ಒಂದು ಹಾಡು. ಆಮೇಲೆ ‘ನಿಲ್ಸೋ’. ಕೆಮ್ಮುತಾತ ಕೆಲಮಂಗಲದ ನೆತ್ತಿಯ ಮೇಲೆ ನಿಂತು ಕೆಮ್ಮಿದ. ತಂಗಿ ಗರ್ಜಿಸಿದಳು. ನನ್ನ ಬಲಗೈ ಎದ್ದು ಆಂಪ್ಲಿಫೈಯರಿನ ತಿರುಪಿನ ಕಡೆ ಹೊರಟಿತು. ಹಿಡಿದು ತಂದು ತೊಡೆಯ ಕೆಳಗೆ ಹಾಕಿಕೊಂಡು, ಅದರ ಮೇಲೆ ಕೂತೆ.

ಬಾಗಿಲುಗಳು ತೆರೆದವು. ಬೀದಿಯವರೆಲ್ಲ ಹೊರಗೆ ಬಂದರು. ಎದುರುಮನೆಯಿಂದ ಒಬ್ಬರು, “ಎನ್ನಪ್ಪಾ, ಸೆಟ್ಟು ಪೋಚ್ಚಾ?” ಎಂದು ಕೂಗಿದರು. ಮೂಲೆಮನೆಯವರು, “ಏಮಪ್ಪಾ, ಚೆಡಿಪೋಯಿಂದಾ?” ಎಂದರು. ಟೀ ಅಂಗಡಿಯಿಂದ ದೊಡ್ಡಪ್ಪನೂ ಎದ್ದು ಬಂದ.

“ಏನ್ಲಾ, ಸೆಟ್ ಕೆಟ್ಟೋಯ್ತಾ?”

ಗೋಡೌನಿನ ಬಾಗಿಲಲ್ಲಿ ರೂಪ ನಿಂತಿದ್ದಳು. ನನ್ನ ಬಾಯನ್ನೇ ನೋಡುತ್ತಿದ್ದಳು.

“ಇಲ್ಲ ದೊಡ್ಡಪ್ಪ, ಸೆಟ್ ಸರ್ಯಾಗೈತೆ,” ಎಂದೆ, ಮೂರು ಭಾಷೆಯವರಿಗೂ ಕೇಳುವ ಹಾಗೆ. “ಅದು ನನ್ ತಂಗಿ.”